40 ಪರ್ಸೆಂಟ್ ಮಳೆ

ಮೇ ತಿಂಗಳ ಬೆಂಗಳೂರಿನಲ್ಲಿ ಹಪ್ಪಳ ಒಣಹಾಕಲು ಹೊರಟವರ ಮೊಬೈಲಿನಲ್ಲಿ ಮೂರು ಆ್ಯಪ್ ಇದ್ದರೆ ಮೂರು ಆಕಾಶ. ಒಂದರಲ್ಲಿ ಬಿಸಿಲು, ಇನ್ನೊಂದರಲ್ಲಿ ಗುಡುಗು, ಮತ್ತೊಂದರಲ್ಲಿ 40 ಪರ್ಸೆಂಟ್ ಮಳೆ. ಮೊದಲೆರಡನ್ನು ನಂಬಬಹುದು, ಇಲ್ಲವೇ ಬೈಯಬಹುದು. ಈ ನಲವತ್ತನ್ನು ಏನು ಮಾಡುವುದು? ತಾರಸಿಯ ನೂರರಲ್ಲಿ ನಲವತ್ತು ಪಾಲು ನೆನೆಯುತ್ತದೆ ಎಂದೇನೂ ಅಲ್ಲ. ಇಂಥದ್ದೇ ಹವೆ ಹತ್ತು ದಿನ ಇದ್ದರೆ ನಾಲ್ಕು ದಿನ ಮಳೆಯಾದೀತು, ಅಷ್ಟೆ. ಬಂದರೂ ಸರಿ, ಬಾರದಿದ್ದರೂ ಸರಿ, ಜಾಣ ಜೋಯಿಸರ ಹಾಗೆ ಆ್ಯಪ್ ಸೋಲುವುದಿಲ್ಲ.

ಬಹುತೇಕ ಆ್ಯಪ್‌ಗಳಿಗೆ ಸ್ವಂತ ಕಣ್ಣಿಲ್ಲ. ಹವೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯೂಎಫ್ ಮಾದರಿಗಳ ಉತ್ತರ ತಂದು ಚಿತ್ರ ಅಂಟಿಸುತ್ತವೆ. ಮೊದಲನೆಯದಕ್ಕೆ ಭೂಮಿಯೆಂದರೆ ಸುಮಾರು 13 ಕಿ.ಮೀ. ಚೌಕಗಳು, ಎರಡನೆಯದಕ್ಕೆ 9 ಕಿ.ಮೀ. ಬೇಸಿಗೆಯ ಗುಡುಗು ಮೋಡವೋ ಕೆಲವೇ ಕಿಲೋಮೀಟರ್ ಅಗಲ. ಮಲ್ಲೇಶ್ವರದಲ್ಲಿ ಚರಂಡಿ ಉಕ್ಕುವ ಹೊತ್ತಿಗೆ ಜಯನಗರದಲ್ಲಿ ಧೂಳು ಹಾರುತ್ತಿರುತ್ತದೆ. ಎರಡನ್ನೂ ಒಂದೇ ಚೌಕದಲ್ಲಿ ಕಲಸಿದ ಆ್ಯಪ್ ‘ತುಂತುರು’ ಎನ್ನುತ್ತದೆ. ತುಂತುರು ಮಾತ್ರ ಎಲ್ಲೂ ಬಿದ್ದಿರುವುದಿಲ್ಲ. ಘಟ್ಟದಲ್ಲಿ ಫಜೀತಿ ಇನ್ನೂ ಹೆಚ್ಚು. ಸುಮಾರು 640 ಮೀಟರ್ ಎತ್ತರದ ಆಗುಂಬೆಯೂ ಘಾಟಿ ಬುಡದ ಸೋಮೇಶ್ವರವೂ ಒಂದೇ ಚೌಕಕ್ಕೆ ಬಿದ್ದರೆ, ಮಾದರಿಗೆ ಘಾಟಿಯೇ ಇಲ್ಲ.

ಹೊತ್ತಿನ ತಕರಾರೂ ಉಂಟು. ಬೆಳಗಿನ 5.30ರ ಗಾಳಿ, ತಾಪ, ತೇವಾಂಶ ಹಿಡಿದು ಶುರುವಾದ ಲೆಕ್ಕ ಮುಗಿದು ಫೋನಿಗೆ ಬರುವಷ್ಟರಲ್ಲಿ ಗಡಿಯಾರದಲ್ಲಿ ಹತ್ತೋ ಹನ್ನೆರಡೋ ಆಗಿರುತ್ತದೆ. ಎಂಟಕ್ಕೆ ಕಾಫಿ ಕುಡಿಯುತ್ತ ನೋಡುವುದು ಹಿಂದಿನ ರಾತ್ರಿಯ ಲೆಕ್ಕ.

ಹವಾಮಾನ ಇಲಾಖೆಯ ಭಾಷೆ ನೀರಸ, ಆದರೆ ಅಳತೆ ಖಚಿತ. ‘ಒಂದೆರಡು ಕಡೆ’ ಎಂದರೆ ಕಾಲು ಭಾಗ ಅಥವಾ ಅದಕ್ಕಿಂತ ಕಡಿಮೆ ಮಳೆಮಾಪನ ಕೇಂದ್ರಗಳಲ್ಲಿ. ‘ಭಾರಿ’ ಎನ್ನಬೇಕಾದರೆ 24 ಗಂಟೆಯಲ್ಲಿ 64.5 ಮಿ.ಮೀ. ಬೀಳಬೇಕು. ಇಲಾಖೆಯ ಈ 24 ಗಂಟೆಯ ದಿನ ಮುಗಿಯುವುದು ಬೆಳಿಗ್ಗೆ 8.30ಕ್ಕೆ, ಸೋಮವಾರ ಸಂಜೆಯ ಮಳೆ ಮಂಗಳವಾರದ ಅಳತೆಗೆ ಸೇರುತ್ತದೆ. ಆ್ಯಪ್‌ಗೂ ಪತ್ರಿಕೆಗೂ ತಾಳೆಯಾಗದಿರಲು ಇದೂ ಒಂದು ಕಾರಣ.

ಮೋಡದ ಚಿತ್ರ ಬಿಟ್ಟು ಗಂಟೆವಾರು ಮಿ.ಮೀ. ನೋಡಬೇಕು, ಒಂದು ಮಿ.ಮೀ. ಎಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು. ಹದಿನೈದನೇ ದಿನದ ಮುನ್ಸೂಚನೆ ಬರೀ ಮನರಂಜನೆ. ಮಧ್ಯಾಹ್ನ ಮೋಡ ಕಟ್ಟಿದ ಮೇಲೆ ಆ್ಯಪ್ ಮುಚ್ಚಿ, ಈಗ ಮಳೆ ಎಲ್ಲಿದೆಯೆಂದು ತೋರಿಸುವ ರೇಡಾರ್ ಚಿತ್ರ ತೆರೆಯುವುದೇ ಲೇಸು. ಹತ್ತು ನಿಮಿಷದ ಅಂತರದ ಎರಡು ಚಿತ್ರಗಳಲ್ಲಿ ಜೋರು ಮಳೆಯ ಕೆಂಪು ಮಚ್ಚೆ 5 ಕಿ.ಮೀ. ಇತ್ತ ಸರಿದಿದ್ದರೆ ವೇಗ ಗಂಟೆಗೆ 30; ಇನ್ನು 15 ಕಿ.ಮೀ. ಉಳಿದಿದ್ದರೆ ಕೈಯಲ್ಲಿರುವುದು ಅರ್ಧ ಗಂಟೆ. ಅಷ್ಟರಲ್ಲಿ ಅದು ದಾರಿಯಲ್ಲೇ ಸುರಿದು ಖಾಲಿಯಾಗಬಹುದು, ಅದರಿಂದಲೇ ಹೊರಟ ತಣ್ಣನೆ ಗಾಳಿ ಪಕ್ಕದಲ್ಲಿ ಇನ್ನೊಂದನ್ನು ಎಬ್ಬಿಸಲೂಬಹುದು.