ತಾತನ ಜಮೀನು ನಮ್ಮದಾದರೆ, ತಾತ ಇಟ್ಟುಕೊಂಡಿದ್ದ ಜೀತ ಯಾರದು?

ನಮ್ಮ ತಾತನ ಮನೆಯಲ್ಲಿ ಜೀತಕ್ಕೆ ಜನ ಇದ್ದರು. ಮೊದಲು ಅಪ್ಪ, ಆಮೇಲೆ ಅವರ ಮಗ. ಇದನ್ನು ಇಷ್ಟು ನೇರವಾಗಿ ನಾನು ಎಲ್ಲೂ ಬರೆದಿರಲಿಲ್ಲ. ಮನೆಯಲ್ಲಿ ಮಾತು ಬಂದಾಗಲೂ 'ಆಳು', 'ಸಂಬಳಕ್ಕಿದ್ದವನು' ಅಂತಲೇ ಹೇಳುತ್ತಿದ್ದೆವು. ಸಂಬಳ ಅಂತ ಏನೂ ಇರಲಿಲ್ಲ. ಹೊತ್ತಿಗೆ ಮುದ್ದೆ, ವರ್ಷಕ್ಕೆ ಎರಡು ಜೊತೆ ಬಟ್ಟೆ, ಒಂದು ಕಂಬಳಿ, ಮಲಗಲು ಕೊಟ್ಟಿಗೆ. ಅಷ್ಟೇ.

ಈಗ ಬರೆಯಲು ಕಾರಣ ಅಕ್ಕನ ಮಗನ ಒಂದು ಫೋನು. ಅವನು ಅಮೆರಿಕದಲ್ಲಿ ಓದುತ್ತಿದ್ದಾನೆ. ಅವನ ಕ್ಲಾಸಿನಲ್ಲಿ ಗುಲಾಮಗಿರಿಯ ಬಗ್ಗೆ ಜೋರು ಚರ್ಚೆ ಆಯಿತಂತೆ. "ಮಾಮ, ಯಾವತ್ತೋ ಸತ್ತುಹೋದ ಮುತ್ತಾತ ಗುಲಾಮರನ್ನು ಇಟ್ಟುಕೊಂಡಿದ್ದ ಅಂತ ಇವತ್ತಿನ ಹುಡುಗರು ಯಾಕೆ ತಲೆ ತಗ್ಗಿಸಬೇಕು? ನೀವೇನಂತೀರಿ?" ಅಂದ. ತಗ್ಗಿಸಲೇಬೇಕು ಅಂತ ತಕ್ಷಣ ಹೇಳಿಬಿಟ್ಟೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹಾಗಾದ್ರೆ ನಮ್ಮ ಊರಿನ ಮನೇಲಿ ಇದ್ರಲ್ಲ, ಅವರ ವಿಷಯ?" ಅಂತ ಕೇಳಿದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬೇರೆಯವರ ತಾತನ ಬಗ್ಗೆ ತೀರ್ಪು ಕೊಡುವುದು ಎಷ್ಟು ಸಲೀಸು ಅಲ್ವಾ.

ಅಲ್ಲಿಂದ ಓದಲು ಶುರು ಮಾಡಿದೆ. ಬ್ರಿಟನ್ ತನ್ನ ವಸಾಹತುಗಳಲ್ಲಿ ಗುಲಾಮಗಿರಿ ನಿಲ್ಲಿಸುವ ಕಾನೂನು ಮಾಡಿದ್ದು 1833ರಲ್ಲಿ. ಆಗ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಸರ್ಕಾರದ ಒಂದು ವರ್ಷದ ಖರ್ಚಿನ ಹೆಚ್ಚುಕಡಿಮೆ ಶೇ 40ರಷ್ಟು. ಅದು ಗುಲಾಮರಾಗಿದ್ದ ಸುಮಾರು 8 ಲಕ್ಷ ಜನಕ್ಕೆ ಸಿಕ್ಕಿತು ಅಂದುಕೊಂಡರೆ ತಪ್ಪು. ಸಿಕ್ಕಿದ್ದು ಒಡೆಯರಿಗೆ. 'ನಿಮ್ಮ ಆಸ್ತಿ ಹೋಯಿತಲ್ಲ' ಅಂತ. ಬಿಡುಗಡೆಯಾದವರಿಗೆ ಒಂದು ಕಾಸೂ ಇಲ್ಲ. ಅದರ ಮೇಲೆ, ಬಹುಪಾಲು ಜನ ಅಪ್ರೆಂಟಿಸ್ ಅನ್ನುವ ಹೆಸರಿನಲ್ಲಿ 1838ರವರೆಗೆ ಅದೇ ಒಡೆಯರ ತೋಟದಲ್ಲಿ ಬಿಟ್ಟಿ ದುಡಿಯಬೇಕಾಯಿತು. ಈ ಪರಿಹಾರಕ್ಕೆ ಸರ್ಕಾರ ಎತ್ತಿದ ಸಾಲ ಪೂರ್ತಿ ಚುಕ್ತಾ ಆಗಿದ್ದು 2015ರಲ್ಲಿ. ಅಲ್ಲಿಯವರೆಗೆ ತೆರಿಗೆ ಕಟ್ಟಿದ ಪ್ರತಿಯೊಬ್ಬರೂ, ಕೆರಿಬಿಯನ್ನಿನಿಂದ ಹೋಗಿ ನೆಲೆಸಿದ ಗುಲಾಮರ ಮರಿಮಕ್ಕಳು ಕೂಡ, ಒಡೆಯರಿಗೆ ಕೊಟ್ಟ ಹಣದ ಸಾಲ ತೀರಿಸಿದ್ದಾರೆ.

ಆ ಪರಿಹಾರದಲ್ಲಿ ದೊಡ್ಡ ಪಾಲು ಪಡೆದವರಲ್ಲಿ ಜಾನ್ ಗ್ಲಾಡ್‌ಸ್ಟನ್ ಒಬ್ಬ. ಮುಂದೆ ಪ್ರಧಾನಿಯಾದ ವಿಲಿಯಂ ಗ್ಲಾಡ್‌ಸ್ಟನ್ನನ ಅಪ್ಪ. ಎರಡೂವರೆ ಸಾವಿರ ಜನರ ಲೆಕ್ಕಕ್ಕೆ 1 ಲಕ್ಷ ಪೌಂಡಿಗೂ ಜಾಸ್ತಿ ತೆಗೆದುಕೊಂಡ. ಗುಲಾಮರು ಹೋದ ಮೇಲೆ ಕಬ್ಬಿನ ತೋಟಕ್ಕೆ ಆಳು ಬೇಕಲ್ಲ? ಕಲ್ಕತ್ತಾದಿಂದ ನಮ್ಮ ದೇಶದವರನ್ನು ತರಿಸಿಕೊಂಡ. ವಿಟ್‌ಬಿ, ಹೆಸ್ಪರಸ್ ಅನ್ನುವ ಎರಡು ಹಡಗುಗಳಲ್ಲಿ 1838ರಲ್ಲಿ ದಕ್ಷಿಣ ಅಮೆರಿಕದ ಗಯಾನಕ್ಕೆ ಇಳಿದವರೇ ಅಲ್ಲಿನ ಭಾರತೀಯ ಕರಾರು ಕೂಲಿಗಳಲ್ಲಿ ಮೊದಲಿನವರು. 2023ರಲ್ಲಿ ಅವನ ವಂಶದ ಕೆಲವರು ಗಯಾನಕ್ಕೆ ಹೋಗಿ ಎಲ್ಲರೆದುರು ಕ್ಷಮೆ ಕೇಳಿದರು. ಅದೇ ವರ್ಷ ಟ್ರೆವೆಲ್ಯನ್ ಅನ್ನುವ, ಗುಲಾಮರನ್ನು ಇಟ್ಟುಕೊಂಡಿದ್ದ ಇನ್ನೊಂದು ಮನೆತನದವರು ಕೆರಿಬಿಯನ್ನಿನ ಗ್ರೆನೆಡಾಕ್ಕೆ ಹೋಗಿ ಕ್ಷಮೆ ಕೇಳಿದರು. ಆ ಮನೆಯ ಒಬ್ಬ ಪತ್ರಕರ್ತೆ ಅಲ್ಲಿನ ಮಕ್ಕಳ ಓದಿಗೆ 1 ಲಕ್ಷ ಪೌಂಡ್ ಕೊಟ್ಟರು.

ಇದು ನಾಟಕ, ಆತ್ಮತೃಪ್ತಿಗೆ ಮಾಡಿದ್ದು ಅನ್ನುವವರು ಇದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೊಟ್ಟಿದ್ದು ಕಡಿಮೆ, ಒಪ್ಪುತ್ತೇನೆ. ಆದರೆ 'ನಮ್ಮ ಮನೆ ಹೀಗೆ ಕಟ್ಟಿದ್ದು' ಅಂತ ಅನ್ಯಾಯ ಆದ ಜಾಗಕ್ಕೇ ಹೋಗಿ, ಅವರ ಮಕ್ಕಳ ಮುಖ ನೋಡಿ ಹೇಳುವುದು ಸಣ್ಣ ವಿಷಯ ಅಲ್ಲ. ನಾನು ನಮ್ಮ ಊರಿನ ಹಟ್ಟಿಗೆ, ಬರೀ ಅರ್ಧ ಕಿಲೋಮೀಟರ್ ದೂರಕ್ಕೆ, ಐವತ್ತು ವರ್ಷದಲ್ಲಿ ಒಂದು ಸಲವೂ ಹೀಗೆ ಹೋಗಿರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಜೀತಕ್ಕಿದ್ದ ಆ ಅಪ್ಪ, ಮಗನ ಹೆಸರು ಬರೆಯುವುದಿಲ್ಲ. ಅದನ್ನು ಬರೆಯುವ ಹಕ್ಕು ಅವರ ಮೊಮ್ಮಕ್ಕಳದು.

ನಮ್ಮಪ್ಪ ಹೇಳಿದ ಲೆಕ್ಕ ಇದು. 1960ರ ಸುಮಾರಿಗೆ ಜೀತಕ್ಕಿದ್ದ ಆ ಅಪ್ಪ ತಮ್ಮ ಮದುವೆಗೆ ಅಂತ ತಾತನ ಹತ್ತಿರ 200 ರೂಪಾಯಿ ತಂದರು. ಸಾಲ ತೀರುವವರೆಗೆ ದುಡಿಯಬೇಕು ಅನ್ನುವ ಮಾತು. ಹನ್ನೊಂದು ವರ್ಷ ದುಡಿದರು. ಆಮೇಲೆ ಕಾಯಿಲೆ ಬಿದ್ದರು. ಸಾಲ ಹಾಗೇ ಇತ್ತು. ಹಬ್ಬಕ್ಕೆ ತಂದ ರಾಗಿ, ಔಷಧಿಗೆ ತಂದ ಐದು ಹತ್ತು ರೂಪಾಯಿ, ಎಲ್ಲ ಸೇರಿ ಬೆಳೆದೂ ಇತ್ತು. ಒಂಬತ್ತು ವರ್ಷದ ಮಗನನ್ನು ತಂದು ಬಿಟ್ಟರು. ಅಪ್ಪನ ಮದುವೆಗೆ ತಂದ ಸಾಲಕ್ಕೆ, ಆ ಮದುವೆಯಲ್ಲಿ ಹುಟ್ಟಿದ ಮಗ ಹತ್ತು ವರ್ಷ ದುಡಿದ.

ಈ ವಾಕ್ಯವನ್ನು ದಯವಿಟ್ಟು ಇನ್ನೊಂದು ಸಲ ಓದಿ. 'ತಾತ ಮಾಡಿದ್ದಕ್ಕೆ ಮೊಮ್ಮಕ್ಕಳು ಯಾಕೆ ಹೊಣೆ' ಅಂತ ಈಗ ಕೇಳುತ್ತಿರುವವರು ನಾವು. ಅಪ್ಪನ ಸಾಲಕ್ಕೆ ಮಗ ಹೊಣೆ ಅಂತ ಒಂಬತ್ತು ವರ್ಷದ ಹುಡುಗನ ಕೈಗೆ ಸಗಣಿ ಬಾಚುವ ಮಂಕರಿ ಕೊಟ್ಟಿದ್ದು ನಮ್ಮ ಮನೆ. ಆಗ ಆ ಪ್ರಶ್ನೆ ಯಾರಿಗೂ ಬರಲಿಲ್ಲ.

ಆ ಹುಡುಗ ನನಗಿಂತ ಹತ್ತು ವರ್ಷ ದೊಡ್ಡವರು. ಮಳೆಗಾಲದಲ್ಲಿ ಹಳ್ಳ ತುಂಬಿದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಸ್ಕೂಲಿಗೆ ದಾಟಿಸುತ್ತಿದ್ದರು. ನನ್ನನ್ನು ಬಾಗಿಲಲ್ಲಿ ಇಳಿಸಿ ವಾಪಸ್ ಹೋಗುತ್ತಿದ್ದರು. ಅವರು ಸ್ಕೂಲಿನ ಒಳಗೆ ಕೂತವರಲ್ಲ. ನಾನು ಅವರನ್ನು ಹೆಸರು ಹಿಡಿದು, ಏಕವಚನದಲ್ಲಿ ಕರೆಯುತ್ತಿದ್ದೆ. ಅವರು ಆರು ವರ್ಷದ ನನಗೆ 'ಬುದ್ಧಿ' ಅನ್ನುತ್ತಿದ್ದರು. ಅವರ ತಟ್ಟೆ ಹಿತ್ತಲಿನ ಸೂರಿನಲ್ಲಿ ಸಿಕ್ಕಿಸಿರುತ್ತಿತ್ತು. ಊಟ ಆದಮೇಲೆ ಅವರೇ ತೊಳೆದು ಅಲ್ಲೇ ಸಿಕ್ಕಿಸಬೇಕು. ಅದರಲ್ಲಿ ಯಾವ ತಪ್ಪೂ ನನಗೆ ಕಾಣುತ್ತಿರಲಿಲ್ಲ.

ಇಷ್ಟರ ಬಗ್ಗೆ ನನಗೆ ನಿಜವಾಗಿ ನಾಚಿಕೆ ಇದೆ, ನೋವಿದೆ. ಯಾಕೆಂದರೆ ಅದನ್ನು ಮಾಡಿದ್ದು ನಾನು. ಚಿಕ್ಕವನಾಗಿದ್ದೆ, ಸರಿ. ಆದರೆ ಕಾಲೇಜಿಗೆ ಹೋದಮೇಲೂ, ಕೆಲಸಕ್ಕೆ ಸೇರಿದ ಮೇಲೂ, ಊರಿಗೆ ಹೋದಾಗ ಅವರನ್ನು 'ನೀನು' ಅಂತಲೇ ಮಾತಾಡಿಸಿದ್ದೇನೆ. ಆಗ ಚಿಕ್ಕವನಾಗಿರಲಿಲ್ಲ.

ತಾತ ಮಾಡಿದ್ದಕ್ಕೆ ಅದೇ ಥರದ ಪಾಪಪ್ರಜ್ಞೆ ನನಗೆ ಬರುವುದಿಲ್ಲ. ಬರಬೇಕು ಅಂತಲೂ ಅನಿಸುವುದಿಲ್ಲ. ತಾತನ ಮನಸ್ಸು ನನ್ನದಲ್ಲ. ಆದರೆ ತಾತನ ಜಮೀನು ನನ್ನದು. ನನ್ನ ತಲೆಯಲ್ಲಿ ಕೂತಿರುವುದು ಇದು.

ಈ ವರ್ಷ ನಮ್ಮ ಮನೆಯಲ್ಲಿ ಪೌತಿ ಖಾತೆ ಮಾಡಿಸುತ್ತಿದ್ದೇವೆ. ತಾತನ ಹೆಸರಿನಲ್ಲೇ ಉಳಿದಿದ್ದ ಪಹಣಿಯನ್ನು ನಮ್ಮ ಹೆಸರಿಗೆ ತರಬೇಕು. ಅದಕ್ಕೆ ಮೊದಲು ವಂಶವೃಕ್ಷ ಬೇಕು. ನಾಡಕಚೇರಿಗೆ ಹೋಗಿ ಅರ್ಜಿ ಹಾಕಿದೆವು. ನಾವು ಇಂಥವರ ಮೊಮ್ಮಕ್ಕಳು, ಇದರಲ್ಲಿ ಸುಳ್ಳಿಲ್ಲ ಅಂತ ಅಫಿಡವಿಟ್ ಕೊಟ್ಟೆವು. ಆ ಕಾಗದದಲ್ಲಿ ತಾತ ಮೇಲೆ, ನಾವು ಕೆಳಗೆ, ನಡುವೆ ಗೆರೆ. ಆಸ್ತಿಗೆ ಆ ಗೆರೆ ಬೇಕು. ಜೀತದ ಮಾತು ಬಂದ ಕೂಡಲೇ 'ಅದು ತಾತನ ಕಾಲದ್ದು, ನಮಗೇನು ಸಂಬಂಧ' ಅಂತ ಅದೇ ಗೆರೆ ಅಳಿಸುತ್ತೇವೆ. ತಾತ ಬ್ಯಾಂಕಿನಲ್ಲಿ ಸಾಲ ಉಳಿಸಿ ಹೋಗಿದ್ದರೆ, ನಮಗೆ ಬಂದ ಆಸ್ತಿಯ ಮಟ್ಟಿಗೆ ಅದನ್ನು ನಾವು ತೀರಿಸಲೇಬೇಕಿತ್ತು. ಯಾವ ಬ್ಯಾಂಕೂ 'ಪಾಪ, ಸಾಲ ಮಾಡಿದ್ದು ನೀವಲ್ಲವಲ್ಲ' ಅಂತ ಬಿಡುತ್ತಿರಲಿಲ್ಲ. ಹಾಗಿರುವಾಗ ಈ ಸಾಲ ಮಾತ್ರ ಯಾಕೆ ತಾತನ ಜೊತೆ ಮಣ್ಣಾಗಬೇಕು?

ಆ ಜಮೀನಿನ ಕಥೆಯನ್ನೂ ಹೇಳಬೇಕು. ಅದರಲ್ಲಿ ಎರಡೂವರೆ ಎಕರೆ ಗದ್ದೆ ಮೊದಲು ನಮ್ಮ ತಾತನದ್ದಾಗಿರಲಿಲ್ಲ. ಗೇಣಿಗೆ ಮಾಡುತ್ತಿದ್ದದ್ದು. ದೇವರಾಜ ಅರಸರ ಸರ್ಕಾರ 1974ರಲ್ಲಿ ಭೂ ಸುಧಾರಣೆ ತಿದ್ದುಪಡಿ ಜಾರಿಗೆ ತಂದಾಗ ತಾತ 7ನೇ ನಮೂನೆ ಅರ್ಜಿ, ಅಂದರೆ ಗೇಣಿದಾರರು ಜಮೀನಿನ ಹಕ್ಕು ಕೇಳುವ ಅರ್ಜಿ ಹಾಕಿದರು. ಭೂ ನ್ಯಾಯಮಂಡಳಿ ಜಮೀನನ್ನು ತಾತನಿಗೆ ಕೊಟ್ಟಿತು. ಉಳುವವನೇ ಒಡೆಯ ಅನ್ನುವ ಮಾತಿನಿಂದ ನಮ್ಮ ಮನೆ ಎದ್ದು ನಿಂತಿತು. ಅಪ್ಪನಿಗೆ ನೌಕರಿ, ನಮ್ಮ ಓದು, ಅಕ್ಕನ ಮದುವೆ, ಎಲ್ಲದರ ಬುಡ ಆ ಗದ್ದೆ. ಅರಸರ ಬಗ್ಗೆ ನಮ್ಮ ಮನೆಯಲ್ಲಿ ಇವತ್ತಿಗೂ ಭಕ್ತಿ ಇದೆ. ನನಗೂ ಇದೆ.

ಆದರೆ ಆ ಗದ್ದೆ ಉಳುತ್ತಿದ್ದವರು ಯಾರು? ನೇಗಿಲು ಹಿಡಿದಿದ್ದು, ಮಡೆ ಕಟ್ಟಿದ್ದು, ರಾತ್ರಿ ನೀರು ಹಾಯಿಸಿದ್ದು ಆ ಅಪ್ಪ, ಆಮೇಲೆ ಆ ಮಗ. ತಾತ ಬದುವಿನ ಮೇಲೆ ನಿಂತಿರುತ್ತಿದ್ದರು. ಕಾನೂನಿನಲ್ಲಿ ತಪ್ಪೇನೂ ಆಗಿಲ್ಲ. ತಾನು ನಿಂತು ಆಳುಗಳಿಂದ ಮಾಡಿಸಿದರೂ ಅದು ಸ್ವಂತ ಸಾಗುವಳಿಯೇ. ಗೇಣಿ ಚೀಟಿ ತಾತನ ಹೆಸರಲ್ಲಿತ್ತು. ಜೀತಕ್ಕಿದ್ದವರಿಗೆ ಯಾವ ಚೀಟಿ ಇರುತ್ತದೆ? ಅಷ್ಟು ಒಳ್ಳೆಯ ಕಾನೂನು ಕೂಡ ಅವರ ತಲೆಯ ಮೇಲಿಂದ ಹಾದುಹೋಯಿತು. ನಮ್ಮ ಒಂದು ಮನೆಯ ಕಥೆ ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆನೇನೋ. ಹಳೇ ಮೈಸೂರಿನ ಎಷ್ಟೋ ಊರಲ್ಲಿ ಗೇಣಿದಾರರಿಗೆ ಭೂಮಿ ಬಂತು, ಕೂಲಿಯವರಿಗೆ ಬರಲಿಲ್ಲ.

ಜೀತ ರದ್ದು ಮಾಡುವ ಸುಗ್ರೀವಾಜ್ಞೆ ಬಂದಿದ್ದು 1975ರ ಅಕ್ಟೋಬರಿನಲ್ಲಿ. 1976ರಲ್ಲಿ ಅದೇ ಕಾಯ್ದೆಯಾಯಿತು. ಜೀತದ ಸಾಲ ಎಲ್ಲ ಅಲ್ಲಿಗೇ ರದ್ದು. ಜೀತಕ್ಕೆ ಇಟ್ಟುಕೊಂಡರೆ ಮೂರು ವರ್ಷದವರೆಗೆ ಜೈಲು. ನಮ್ಮ ಮನೆಯಲ್ಲಿ ಜೀತ ನಿಂತಿದ್ದು 1981ರಲ್ಲಿ, ಅದೂ ಆ ಹುಡುಗ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಓಡಿಹೋದ ಮೇಲೆ. 'ಆ ಕಾಲವೇ ಹಾಗಿತ್ತು' ಅಂತ ಚಿಕ್ಕಪ್ಪ ಹೇಳುತ್ತಾರೆ. ಆ ಕಾಲದಲ್ಲಿ ಕಾನೂನೂ ಇತ್ತು. 1950ರಿಂದ, ಬಲವಂತದ ದುಡಿಮೆಯನ್ನು ನಿಷೇಧಿಸುವ ಸಂವಿಧಾನದ 23ನೇ ವಿಧಿ ಇತ್ತು. ಜೀತಕ್ಕಿದ್ದವರೂ ಆ ಕಾಲದವರೇ. ಕಾಲ ಹೇಗಿತ್ತು ಅಂತ ಅವರನ್ನು ಒಬ್ಬರೂ ಕೇಳಿಲ್ಲ.

'ತಾತ ಯಾವತ್ತೂ ಕೈ ಎತ್ತಿದವರಲ್ಲ, ಮನೆ ಮಗನ ಥರ ನೋಡಿಕೊಂಡರು' ಅನ್ನುವ ಮಾತೂ ಇದೆ. ಹೊಡೆಯಲಿಲ್ಲ ಅನ್ನುವುದು ನಿಜ ಇರಬಹುದು. ಮನೆ ಮಕ್ಕಳು ಸ್ಕೂಲಿಗೆ ಹೋದೆವು, ಅವರು ದನದ ಹಿಂದೆ ಹೋದರು. ಇಷ್ಟು ಸಾಕು.

ಅಕ್ಕನ ಮಗ ಹೇಳಿದ ಒಂದು ವಿಷಯ ಮನಸ್ಸಿಗೆ ತುಂಬ ಹತ್ತಿರ ಬಂತು. ಅಮೆರಿಕದ ಜಾರ್ಜ್‌ಟೌನ್ ವಿಶ್ವವಿದ್ಯಾಲಯ ಕಾಲೇಜಾಗಿದ್ದ ಕಾಲದಲ್ಲಿ ಸಾಲದಲ್ಲಿ ಮುಳುಗಿತ್ತು. ಅದನ್ನು ನಡೆಸುತ್ತಿದ್ದ ಜೆಸ್ವಿಟ್ ಪಾದ್ರಿಗಳು 1838ರಲ್ಲಿ 272 ಗುಲಾಮರನ್ನು 1,15,000 ಡಾಲರಿಗೆ ಲೂಸಿಯಾನಾದ ಕಡೆಗೆ ಮಾರಿದರು. 2019ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಮತ ಹಾಕಿ, ಆ ಜನರ ಸಂತತಿಗಾಗಿ ಪ್ರತಿ ಸೆಮಿಸ್ಟರಿಗೆ ತಲಾ 27 ಡಾಲರ್ 20 ಸೆಂಟ್ ಕೊಡುತ್ತೇವೆ ಅಂದರು. ಮೂರರಲ್ಲಿ ಎರಡು ಪಾಲು ಮತ ಪರವಾಗಿ ಬಿತ್ತು. ಆಡಳಿತ ಅದನ್ನು ಶುಲ್ಕವಾಗಿ ತರಲಿಲ್ಲ, ಬೇರೆ ನಿಧಿ ಮಾಡಿತು. ಆದರೂ ಆ ಮತ ನೋಡಿ. ಮತ ಹಾಕಿದ ಹುಡುಗರೆಲ್ಲ ಆ ಪಾದ್ರಿಗಳ ವಂಶದವರೇನಲ್ಲ. ನಾವು ಕೂತು ಓದುತ್ತಿರುವ ಈ ಜಾಗ ಉಳಿದಿದ್ದು ಅವರನ್ನು ಮಾರಿದ ದುಡ್ಡಿನಿಂದ ಅನ್ನುವುದು ಅವರಿಗೆ ಸಾಕಾಯಿತು.

ನಮ್ಮಲ್ಲಿ ಇದಕ್ಕೆ ಒಂದು ಮಾತಿದೆ. ಹಂಗು. 'ನಮ್ಮ ಮನೆ ಅನ್ನ ತಿಂದವನು, ನಮ್ಮ ಹಂಗಲ್ಲಿ ಬೆಳೆದವನು' ಅಂತ ಅಜ್ಜಿ ಅವರ ಬಗ್ಗೆ ಹೇಳುತ್ತಿದ್ದರು. ಆ ಅನ್ನ ಬೆಳೆದಿದ್ದು ಅವರು. ಹಂಗು ಯಾರಿಗೆ ಯಾರದು?

ಹೋದ ತಿಂಗಳು ಹಟ್ಟಿಗೆ ಹೋದೆ. ಅವರಿಗೆ ಈಗ ಅರವತ್ತು ದಾಟಿದೆ. ಬೆಂಗಳೂರು ಬಿಟ್ಟು ಊರಿಗೇ ಬಂದಿದ್ದಾರೆ. 'ಅಣ್ಣ' ಅಂತ ಕರೆದೆ. ಅವರು ಗಾಬರಿಯಾಗಿ ಎದ್ದು ನಿಂತರು. ಕ್ಷಮಿಸಿ ಅಂದೆ. "ಅಯ್ಯೋ ಬುಡಿ ಬುದ್ಧಿ, ನೀವೇನ್ ಮಾಡಿದ್ರಿ, ನೀವಾಗ ಚಿಕ್ಕೋರು" ಅಂದರು. ಮತ್ತೆ, "ಸಾಲ ಎಷ್ಟಿತ್ತು ಅಂತ ನಂಗೆ ಯಾವತ್ತೂ ಗೊತ್ತಾಗ್ಲೇ ಇಲ್ಲ" ಅಂದರು. 200 ರೂಪಾಯಿ ಅಂತ ನಾನೇ ಹೇಳಬೇಕಾಯಿತು. ಅವರು ಏನೂ ಮಾತಾಡಲಿಲ್ಲ. ಸೊಸೆ ತಂದ ಟೀ ಕುಡಿದೆವು.

ಹೊರಡುವಾಗ ಅವರು ಒಂದೇ ಒಂದು ಕೇಳಿದರು. ಅವರ ಎರಡು ಮನೆ ನಿಂತಿರುವುದು ನಮ್ಮ ಸರ್ವೆ ನಂಬರಿನ ಅಂಚಿನಲ್ಲಿ. ಸುಮಾರು 4 ಗುಂಟೆ. ಅವರಪ್ಪನಿಗೆ ಗುಡಿಸಲು ಹಾಕಿಕೊಳ್ಳಲು ತಾತ ತೋರಿಸಿದ ಜಾಗ. ಅದಕ್ಕೆ ಹಕ್ಕುಪತ್ರ ಇಲ್ಲ. "ಮನೆ ಸ್ಕೀಮಿಗೆ ಹೋದ್ರೆ ಪತ್ರ ಕೇಳ್ತಾರೆ, ಮೊಮ್ಮಗನ ಸಾಲಕ್ಕೆ ಹೋದ್ರೆ ಬ್ಯಾಂಕ್ನೋರೂ ಪತ್ರ ಕೇಳ್ತಾರೆ. ಈ ಜಾಗದ್ದು ಏನಾದ್ರೂ ಮಾಡ್ಕೊಡಿ." ಕ್ಷಮೆ ಕೇಳಲು ಹೋದ ನನಗೆ ಅವರು ಮಾಡುವ ಕೆಲಸ ಕೊಟ್ಟರು.

ಆ 4 ಗುಂಟೆಯನ್ನು ಬೇರೆ ಮಾಡಿ ತೋರಿಸುವ ಸರ್ವೆ ನಕ್ಷೆಗೆ, ಅಂದರೆ 11ಇ ಸ್ಕೆಚ್‌ಗೆ ಅರ್ಜಿ ಹಾಕಿದ್ದೇನೆ. ಪತ್ರ ಬರೆಯುವವರ ಹತ್ತಿರ ಹೋದಾಗ ಅವರು 'ದಾನಪತ್ರ' ಅಂತ ಶುರು ಮಾಡಿದರು. ಆ ಮಾತು ಬೇಡ ಅಂದೆ. ನಾವು ದಾನ ಕೊಡುತ್ತಿಲ್ಲ. ದಾನ ಇಲ್ಲ ಅಂದರೆ ಕ್ರಯ ಮಾಡಿ, ಕ್ರಯಕ್ಕೆ ಹಣ ಎಷ್ಟು ಅಂತ ತೋರಿಸಬೇಕು ಅಂದರು. ಹಣ ಹತ್ತು ವರ್ಷದ ದುಡಿಮೆಯಲ್ಲಿ ಮೊದಲೇ ಸಂದಾಯ ಆಗಿದೆ ಅಂತ ಬರೆಯಲು ಬರುತ್ತಾ ಅಂತ ಕೇಳಿದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. ಹಾಗೆ ಬರೆದರೆ ನೋಂದಣಿ ಆಗಲ್ಲ ಸಾರ್ ಅಂದರು. ವಕೀಲರನ್ನು ಕೇಳುತ್ತಿದ್ದೇನೆ.

ಐದು ಜನ ವಾರಸುದಾರರ ಸಹಿ ಬೇಕು. ಮೂರು ಆಗಿದೆ. ಅಕ್ಕ ಮುಂದಿನ ವಾರ ಬರುತ್ತಾಳೆ. ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ಭಾನುವಾರ ಮತ್ತೆ ಅವರ ಮನೆಗೆ ಹೋಗುತ್ತೇನೆ, ವಂಶವೃಕ್ಷದ ಒಂದು ಪ್ರತಿ ಜೊತೆಗೆ ತೆಗೆದುಕೊಂಡು.