113 ಎಲ್ಲರಿಗೂ ಗೊತ್ತು, ಯಾವಾಗ ಅನ್ನೋದು?

ಸರ್ಕಾರ ಬೀಳೋದು, ಉಳಿಯೋದು ಎಲ್ಲಾ ನಂಬರ್ ಗೇಮ್ ಅಂತ ಟಿವಿಯವರು ಹೇಳಿ ಹೇಳಿ ನಾವೂ ನಂಬಿಬಿಟ್ಟಿದ್ದೇವೆ. ನನಗೀಗ ಹಾಗೆ ಅನ್ನಿಸುತ್ತಿಲ್ಲ. ನಂಬರ್ ಎಲ್ಲರಿಗೂ ಗೊತ್ತೇ ಇರುತ್ತದೆ, ನಮ್ಮ ವಿಧಾನಸಭೆಯಲ್ಲಿ ಬಹುಮತಕ್ಕೆ 113. ನಿಜವಾದ ಜಗಳ ಟೈಮಿನದ್ದು.

ಹೋದ ಭಾನುವಾರ ಬಸವನಗುಡಿಯ ಒಂದು ಹಾಲ್‌ನಲ್ಲಿ ಅಣಕು ರಾಜಕೀಯ ಬಿಕ್ಕಟ್ಟು ನಡೆಸಿದರು. ಎರಡು ಪಕ್ಷಗಳ ಮೈತ್ರಿ ಸರ್ಕಾರ, ಹತ್ತು ಶಾಸಕರ ರಾಜೀನಾಮೆ, ಮುಂದೇನು? ಚೀಟಿ ಎತ್ತಿ ಪಾತ್ರ ಹಂಚಿದರು. ಎಲ್ಲರಿಗೂ ಮುಖ್ಯಮಂತ್ರಿಯೇ ಆಗಬೇಕಿತ್ತು. ನನಗೆ ಬಂದದ್ದು ಸ್ಪೀಕರ್. ಪಕ್ಕದಲ್ಲಿದ್ದವರು "ಅಯ್ಯೋ ಪಾಪ" ಅಂದರು.

ಪಾಪವೇನೂ ಅಲ್ಲ ಸ್ವಾಮಿ! ಅರ್ಧ ಗಂಟೆಯೊಳಗೆ ಇಡೀ ಹಾಲ್ ನನ್ನ ಟೇಬಲ್ ಸುತ್ತ ಇತ್ತು. ಸಂವಿಧಾನದ 190ನೇ ವಿಧಿ ತೆಗೆದು ನೋಡಿದೆ. ರಾಜೀನಾಮೆ ಸ್ವಂತ ಇಚ್ಛೆಯಿಂದ ಕೊಟ್ಟದ್ದೇ, ನಿಜವಾದದ್ದೇ ಅಂತ ಸ್ಪೀಕರ್‌ಗೆ ಮನವರಿಕೆ ಆಗಬೇಕು. 1974ರಲ್ಲಿ ಸೇರಿಸಿದ ಮಾತು ಅದು. ಎಷ್ಟು ದಿನದಲ್ಲಿ ಮನವರಿಕೆ ಆಗಬೇಕು? ಅದನ್ನು ಬರೆದಿಲ್ಲ. ಒಂದು ಕಡೆಯವರು "ಈಗಲೇ ಅಂಗೀಕರಿಸಿ" ಅಂತ ಕೂಗುತ್ತಿದ್ದರು. ಇನ್ನೊಂದು ಕಡೆಯವರು "ನಿಧಾನ ಮಾಡಿ ಸಾರ್" ಅಂತ ಕಾಫಿ ತಂದುಕೊಟ್ಟರು. ಅಷ್ಟರಲ್ಲಿ ರಾಜ್ಯಪಾಲರಿಂದ ಪತ್ರ: ಸಂಜೆಯೊಳಗೆ ಬಹುಮತ ಸಾಬೀತಾಗಬೇಕು. ನಾನು ಓದಿ ಮಡಚಿಟ್ಟೆ. ಸುಮ್ನೆ ಕೂತಿರುವುದೂ ಒಂದು ಅಧಿಕಾರ ಅಂತ ಆಗ ಗೊತ್ತಾಯಿತು. ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಇದೆಲ್ಲ ಎಲ್ಲೋ ನೋಡಿದ ಹಾಗಿದೆ ಅಲ್ವಾ? 2019ರ ಜುಲೈ. ಕುಮಾರಸ್ವಾಮಿ 18ರಂದು ವಿಶ್ವಾಸಮತ ಕೇಳಿದರು, ಮತಕ್ಕೆ ಹಾಕಿದ್ದು 23ಕ್ಕೆ. ನಡುವೆ ರಾಜ್ಯಪಾಲ ವಜುಭಾಯಿ ವಾಲಾ 19ರ ಒಂದೇ ದಿನ ಎರಡು ಗಡುವು ಕೊಟ್ಟರು, ಎರಡೂ ದಾಟಿ ಹೋದವು. ಕೊನೆಗೆ 99–105. ಅದರ ಹಿಂದಿನ ವರ್ಷ ಯಡಿಯೂರಪ್ಪನವರ ಬಳಿ 104 ಶಾಸಕರಿದ್ದರು. ಬಹುಮತ ತೋರಿಸಲು ಇದೇ ರಾಜ್ಯಪಾಲರು ಅವರಿಗೆ 15 ದಿನ ಕೊಟ್ಟರು. ಸುಪ್ರೀಂ ಕೋರ್ಟ್ ನಡುರಾತ್ರಿ ಕೂತು ವಿಚಾರಣೆ ನಡೆಸಿತು, ಮರುದಿನ ಗಡುವನ್ನು 2018ರ ಮೇ 19ರ ಸಂಜೆ 4 ಗಂಟೆಗೆ ಇಳಿಸಿತು. ಮತಕ್ಕೆ ಮುಂಚೆಯೇ ಅವರು ರಾಜೀನಾಮೆ ಕೊಟ್ಟರು. 15 ದಿನ ಹಾಗೇ ಇದ್ದಿದ್ದರೆ? ರೆಸಾರ್ಟ್‌ನವರಿಗೆ ಗೊತ್ತು.

ಇನ್ನೂ ಹಿಂದಕ್ಕೆ ಹೋದರೆ ಆಗ ಮುಖ್ಯಮಂತ್ರಿಯಾಗಿದ್ದ ಎಸ್.ಆರ್. ಬೊಮ್ಮಾಯಿಯವರು. ಸದನದಲ್ಲೇ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡದೆ 1989ರ ಏಪ್ರಿಲ್‌ನಲ್ಲಿ ವಜಾ ಮಾಡಿದರು. ಅದು ತಪ್ಪು, ಬಹುಮತ ತೀರ್ಮಾನ ಆಗಬೇಕಾದದ್ದು ಸದನದಲ್ಲೇ ಅಂತ ಕೋರ್ಟ್ ಹೇಳಿದ್ದು 1994ರಲ್ಲಿ. ಗೆದ್ದರು, ಆದರೆ ಸರ್ಕಾರ ಹೋಗಿ ಐದು ವರ್ಷ ಆಗಿತ್ತು.

ಹಾಗಾದರೆ ಒಂದೇ ದಿನದ ಗಡುವು ಹಾಕಿಬಿಡೋಣವೇ? ಅದೂ ಬೇಡ. ನಮ್ಮ ಆಟದಲ್ಲಿ ಹತ್ತು ಜನರಲ್ಲಿ ಒಬ್ಬರು ಊಟದ ಹೊತ್ತಿಗೆ ಬಂದು "ನನ್ನ ಕೈಲಿ ಬಲವಂತವಾಗಿ ಸೈನ್ ಹಾಕಿಸಿದರು ಸಾರ್" ಅಂತ ಕಿವಿಯಲ್ಲಿ ಹೇಳಿದರು. ಬೆಳಿಗ್ಗೆಯೇ ಅಂಗೀಕರಿಸಿದ್ದರೆ ಅವರ ಕಥೆ ಮುಗಿಯುತ್ತಿತ್ತು. ಪಕ್ಷಾಂತರ ಮಾಡಿದ ಶಾಸಕರನ್ನು ಅನರ್ಹಗೊಳಿಸಿ ಅಂತ ಸ್ಪೀಕರ್‌ಗೆ ಕೊಡುವ ಅರ್ಜಿಗಳನ್ನು ಸಾಮಾನ್ಯವಾಗಿ ಮೂರು ತಿಂಗಳಲ್ಲಿ ಮುಗಿಸಬೇಕು ಅಂತ ಮಣಿಪುರದ ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾಜೀನಾಮೆಗೆ ಅಷ್ಟು ಟೈಮ್ ಬೇಕಿಲ್ಲ. ನನ್ನ ಲೆಕ್ಕದಲ್ಲಿ ಏಳು ದಿನ. ಅಷ್ಟರಲ್ಲಿ ಶಾಸಕರನ್ನು ಒಬ್ಬೊಬ್ಬರನ್ನಾಗಿ ಕರೆದು ಕೇಳಬೇಕು, ಕಾರಣ ಬರೆದು ತೀರ್ಮಾನ ಹೇಳಬೇಕು.

ರಾಜ್ಯಪಾಲರ ಪಾತ್ರ ಮಾಡಿದ ಗೆಳೆಯ ಮೂರೇ ದಿನ ಸಾಕು ಅಂತ ಈಗಲೂ ವಾದ ಮಾಡುತ್ತಾನೆ. ಅವನಿಗೇನು, ಪತ್ರ ಬರೆಯುವ ಕೆಲಸ ಅಷ್ಟೇ ಇತ್ತು. ಹತ್ತು ಜನರನ್ನು ಎದುರಿಗೆ ಕೂರಿಸಿಕೊಂಡು ಯಾರು ನಿಜ ಹೇಳುತ್ತಿದ್ದಾರೆ ಅಂತ ನೋಡುವ ಕೆಲಸ ಇರಲಿಲ್ಲ.