ಡೋಸ್ ಜಾಸ್ತಿ ಮಾಡಿದರೆ ಅಣಬೆಯ ರೋಗ ಹೋಗುತ್ತಾ?

ಅಣಬೆ ಬೆಳೆಸುವ ಹುಲ್ಲಿನ ಚೀಲದಲ್ಲಿ ಹಸಿರು ಬೂಷ್ಟು ಕಂಡರೆ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕವನ್ನು ಎರಡು ಪಟ್ಟು ಹಾಕಿ ಅನ್ನುವ ಮೆಸೇಜ್ ಬೆಳೆಗಾರರ ಗುಂಪುಗಳಲ್ಲಿ ಆಗಾಗ ಬರುತ್ತದೆ. ಕಳಿಸುವವರ ಉದ್ದೇಶ ಒಳ್ಳೆಯದೇ. ಸಲಹೆ ಮಾತ್ರ ತಪ್ಪು.

ಈ ಔಷಧಿ ಶಿಲೀಂಧ್ರದ ಟ್ಯೂಬುಲಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಅದರ ಕೋಶ ವಿಭಜನೆ ನಿಲ್ಲಿಸುತ್ತದೆ. ಆ ಪ್ರೋಟೀನಿನಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೂ ಸಾಕು, ಔಷಧಿಗೆ ಹಿಡಿತ ತಪ್ಪಬಹುದು. ಆಮೇಲೆ ಡೋಸ್ ಏರಿಸಿದರೆ ಸಾಯುವುದು ದುರ್ಬಲ ತಳಿಗಳು. ಗಟ್ಟಿಯಾದದ್ದಕ್ಕೆ ಜಾಗ ಖಾಲಿ! ಅಣಬೆಯೂ ಶಿಲೀಂಧ್ರವೇ ಅಲ್ವಾ? ಪೆಟ್ಟು ಅದಕ್ಕೂ ಬೀಳಬಹುದು. ಬ್ರಿಟನ್, ಐರ್ಲೆಂಡಿನ ಬಟನ್ ಅಣಬೆ ಫಾರ್ಮುಗಳಲ್ಲಿ 1990ರ ದಶಕದಲ್ಲೇ ಜೇಡರಬಲೆ ರೋಗ (ಅಣಬೆಯ ಮೇಲೆ ಬಲೆಯಂತೆ ಹಬ್ಬುವ ಇನ್ನೊಂದು ಬೂಷ್ಟು) ಕಾರ್ಬೆಂಡಜಿಮ್ ಜಾತಿಯ ಔಷಧಿಗಳಿಗೆ ಬಗ್ಗದೆ ಕಾಡಿತ್ತು.

ಇಂಥ ಮೆಸೇಜ್ ಬಂದರೆ ಮೊದಲು ಔಷಧಿಯ ಲೇಬಲ್ ಓದಿ. ಅದರಲ್ಲಿ ಅಣಬೆಯ ಹೆಸರು, ಪ್ರಮಾಣ, ಕೊಯ್ಲಿಗೆ ಮುನ್ನ ಬಿಡಬೇಕಾದ ದಿನಗಳು ಇವೆಯೇ? "ಗುಣವಾಯಿತು" ಅನ್ನುವ ಫೋಟೊ ಪಕ್ಕದಲ್ಲಿ ಔಷಧಿ ಹಾಕದ ಚೀಲದ ಫೋಟೊ ಇದೆಯೇ? ಹೋಲಿಕೆಗೆ ಅದಿಲ್ಲದಿದ್ದರೆ ಸುಮ್ನೆ ನಂಬಬೇಡಿ.

ಹಸಿರಾದ ಚೀಲವನ್ನು ಕೋಣೆಯೊಳಗೆ ಬಿಚ್ಚಬೇಡಿ, ಬೀಜಕಣದ ಪುಡಿ ಹಾರುತ್ತದೆ. ಬಾಯಿ ಕಟ್ಟಿದಂತೆಯೇ ಹೊರಗೆ ಸಾಗಿಸಿ. ಮುಂದಿನ ಸಲ ಹುಲ್ಲನ್ನು ಸರಿಯಾಗಿ ಬೇಯಿಸಿ.